ಸಿಂಕ್ ಆಗಿದೆ ಅಂದರೆ ಉಳಿದಿದೆ ಅಂತಲ್ಲ

ನಿನ್ನೆ ಶಿವಮೊಗ್ಗ ಜಿಲ್ಲೆಯ ಸಾಗರದಿಂದ ವಾಪಸ್ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಸೋದರಮಾವನ ಹಾಡಿನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಮೇಷ್ಟ್ರ ಕೆಲಸದಿಂದ ನಿವೃತ್ತಿಯಾದ ಮೇಲೆ 11 ವರ್ಷ ಸಾಗರ, ಸೊರಬದ ಹಳ್ಳಿ ಹಳ್ಳಿ ತಿರುಗಿದರು. ಮದುವೆ ಹಾಡು, ಹಸೆ ಮುಂದೆ ಹೇಳುವ ಹಾಡು, ಎಲ್ಲ ರೆಕಾರ್ಡ್ ಮಾಡಿಕೊಂಡರು. ಹಾಡಿದವರು ಹೆಚ್ಚಾಗಿ ದೀವರ ಸಮುದಾಯದ ಮನೆಗಳ ಅಜ್ಜಿಯರು. ಅವರಲ್ಲಿ ಎಷ್ಟೋ ಜನ ಈಗಿಲ್ಲ.

ಆ ರೆಕಾರ್ಡಿಂಗ್ ಅಷ್ಟೂ ಹೋಯಿತು.

ಲ್ಯಾಪ್‌ಟಾಪ್ ಕೊಂಡಾಗ ಅಂಗಡಿಯ ಹುಡುಗ ಕ್ಲೌಡ್ (ಇಂಟರ್ನೆಟ್ಟಿನಲ್ಲಿ ಫೈಲ್ ಇಡುವ ಜಾಗ) ಹಾಕಿಕೊಟ್ಟು, 'ಸರ್, ಇನ್ಮೇಲೆ ಚಿಂತೆ ಬೇಡ, ಎಲ್ಲಾ ಬ್ಯಾಕಪ್ ಆಗುತ್ತೆ' ಅಂದಿದ್ದನಂತೆ. ಲ್ಯಾಪ್‌ಟಾಪಿನಲ್ಲಿ ಜಾಗ ತುಂಬಿತು. ಮಾವ ಹಾಡಿನ ಫೋಲ್ಡರ್ ಅಳಿಸಿದರು. 'ಮೇಲೆ ಇದೆಯಲ್ಲ, ಇಲ್ಲಿ ಯಾಕೆ ಜಾಗ ತಿನ್ನಬೇಕು ಅಂದ್ಕೊಂಡೆ ಕಣೋ' ಅಂದರು. ಎರಡು ತಿಂಗಳ ನಂತರ ತೆಗೆದು ನೋಡಿದರೆ ಮೇಲೂ ಇಲ್ಲ, ಕೆಳಗೂ ಇಲ್ಲ.

ಅವನು ಹಾಕಿಕೊಟ್ಟಿದ್ದು ಬ್ಯಾಕಪ್ ಅಲ್ಲ, ಸಿಂಕ್. ಸಿಂಕ್‌ನ ಕೆಲಸ ಎರಡೂ ಕಡೆ ಒಂದೇ ಥರ ಇಡುವುದು. ಇಲ್ಲಿ ಸೇರಿಸಿದರೆ ಅಲ್ಲೂ ಸೇರುತ್ತದೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ವೈರಸ್ ಬಂದು ಫೈಲ್ ಕೆಡಿಸಿದರೆ, ಕೆಟ್ಟ ಫೈಲೇ ಅಲ್ಲಿಗೂ ಹೋಗಿ ಕೂರುತ್ತದೆ. ಬ್ಯಾಕಪ್ ಅಂದರೆ ನೀವು ಇಲ್ಲಿ ಏನು ಮಾಡಿದರೂ ಅಲುಗದೆ ಇರುವ ಇನ್ನೊಂದು ಪ್ರತಿ. ನಮ್ಮ ಅಜ್ಜಿ ಬೀಜದ ಭತ್ತವನ್ನು ಬೇರೆಯೇ ಕಟ್ಟಿಡುತ್ತಿದ್ದಳು. ಎಂಥ ಕಷ್ಟ ಬಂದರೂ ಊಟಕ್ಕೆ ಅದನ್ನು ಮುಟ್ಟುತ್ತಿರಲಿಲ್ಲ. ಇದನ್ನು ಹೇಳಿದಾಗ ಮಾವನಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಮೊದಲೇ ಯಾರಾದರೂ ಹೀಗೆ ಹೇಳಿದ್ದರೆ ಅವರು ಆ ಫೋಲ್ಡರ್ ಮುಟ್ಟುತ್ತಿದ್ದರಾ?

'ಟ್ರ್ಯಾಶ್‌ನಲ್ಲಿ ಇರುತ್ತಲ್ಲ' ಅಂತ ಈಗಾಗಲೇ ಇಬ್ಬರು ಹೇಳಿದ್ದಾರೆ. ಅಳಿಸಿದ ಫೈಲ್ ಆ ಕಸದಬುಟ್ಟಿಯಲ್ಲಿ ಇರುತ್ತದೆ, 30 ದಿನ. ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್‌ನ ಉಚಿತ ಖಾತೆ, ಎಲ್ಲಾ ಕಡೆ ಸುಮಾರು ಅಷ್ಟೇ. ಹಳೆಯ ಹಾಡನ್ನು ಯಾರು ತಿಂಗಳಿಗೊಮ್ಮೆ ತೆಗೆದು ನೋಡುತ್ತಾರೆ? ದುಡ್ಡು ಕೊಟ್ಟು ಜಾಸ್ತಿ ಜಾಗ ತಗೊಳ್ಳಬೇಕಿತ್ತು ಅನ್ನುವವರಿಗೂ ಒಂದು ಮಾತು. 15 ಜಿಬಿ ಇರಲಿ, 2 ಟಿಬಿ ಇರಲಿ, ಸಿಂಕ್ ಫೋಲ್ಡರಿನಲ್ಲಿ ಅಳಿಸಿದ್ದು ಎರಡೂ ಕಡೆ ಅಳಿಯುತ್ತದೆ.

ಹಳ್ಳಿ ಮೇಷ್ಟ್ರಿಗೆ ತಿಳಿಯಲಿಲ್ಲ ಅಂತ ದಯವಿಟ್ಟು ಹೇಳಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರದ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಅಲ್ಲಿನ ಸರ್ಕಾರಿ ನೌಕರರು ಕೆಲಸದ ಕಡತ ಇಡುತ್ತಿದ್ದ ಜಿ-ಡ್ರೈವ್ ಸುಟ್ಟುಹೋಯಿತು. 858 ಟೆರಾಬೈಟ್. ಹೊರಗೆ ಎಲ್ಲೂ ಇನ್ನೊಂದು ಪ್ರತಿ ಇರಲಿಲ್ಲ. ಒಂದು ದೇಶವೇ ಒಂದೇ ಕಡೆ ಇಟ್ಟು ನಂಬಿ ಕೂತಿತ್ತು. ಕ್ಲೌಡ್ ಅಂದರೆ ಎಲ್ಲೋ ಒಂದು ಕಟ್ಟಡದಲ್ಲಿರುವ ಕಂಪ್ಯೂಟರ್, ಅಷ್ಟೇ ಅಲ್ವಾ?

ಇದರಲ್ಲಿ ನನ್ನ ತಪ್ಪೂ ಇದೆ. ಕಂಪ್ಯೂಟರ್ ಕೆಲಸದಲ್ಲೇ ಅನ್ನ ತಿನ್ನುವವನು ನಾನು. ಕಳೆದ ದೀಪಾವಳಿಗೆ ಆ ಲ್ಯಾಪ್‌ಟಾಪ್ ಮುಂದೆಯೇ ಕೂತು ಎರಡು ಗಂಟೆ ಹಾಡು ಕೇಳಿದ್ದೆ. 'ಮಾವ, ಇದು ಇನ್ನೆಲ್ಲಿದೆ?' ಅಂತ ಒಂದು ಮಾತು ಕೇಳಲಿಲ್ಲ. ಅಪ್ಪನ ದನಿ ಇರುವ ಒಂದೇ ರೆಕಾರ್ಡಿಂಗ್ ಕೂಡ ನಿನ್ನೆಯವರೆಗೆ ನನ್ನ ಫೋನಿನಲ್ಲಿ ಮಾತ್ರ ಇತ್ತು. ರಾತ್ರಿ ಬಂದವನೇ ಚೀಲವನ್ನೂ ಬಿಚ್ಚದೆ ಅದನ್ನು ಹಾರ್ಡ್‌ಡಿಸ್ಕಿಗೆ ಹಾಕಿದೆ. ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ ತಂಗಿಯ ಮನೆಗೆ ಹೋಗುತ್ತದೆ.

ಮಾವನ ನೋಟ್‌ಬುಕ್ಕುಗಳಲ್ಲಿ ಹಾಡಿನ ಮಾತುಗಳು ಇವೆ. ಧಾಟಿ ಇಲ್ಲ. ಆ ಅಜ್ಜಿಯರು ಎಲ್ಲಿ ಉಸಿರು ಹಿಡಿಯುತ್ತಿದ್ದರು, ಎಲ್ಲಿ ಎಳೆಯುತ್ತಿದ್ದರು ಅನ್ನುವುದನ್ನು ಕಾಗದದಿಂದ ಹೇಗೆ ತೆಗೆಯುವುದು?

ಮಾವ ರೆಕಾರ್ಡ್ ಮಾಡಿದ ಮೇಲೆ ಆಯಾ ಮನೆಯವರಿಗೆ ವಾಟ್ಸಾಪ್‌ನಲ್ಲಿ ಹಾಡು ಕಳಿಸುವ ರೂಢಿ ಇತ್ತು. ಆ ಕಡೆಯವರು ಇದನ್ನು ಓದುತ್ತಿದ್ದರೆ ನಿಮ್ಮ ಹಳೆಯ ಫೋನ್, ಮೆಮೊರಿ ಕಾರ್ಡ್ ಒಮ್ಮೆ ತೆಗೆದು ನೋಡಿ. ಅರ್ಧ ಹಾಡು ಸಿಕ್ಕರೂ ಸಾಕು, ನನಗೆ ಮೆಸೇಜ್ ಮಾಡಿ. ನಿಮ್ಮ ಫೋನಿನಲ್ಲಿರುವುದನ್ನು ಮಾತ್ರ ಅಳಿಸಬೇಡಿ.