ಪಚ್ಚಿಲೆಗೊಂದು ಚಕ್ಕುಬಂದಿ

ಹಿನ್ನೀರಿನಲ್ಲಿ ಪಚ್ಚಿಲೆ ಎಂಬ ತಿನ್ನುವ ಚಿಪ್ಪುಜೀವಿಯನ್ನು ಬೆಳೆಸುವವರು ಅನುಮತಿಗಾಗಿ ಅಲೆಯುವ ಸುದ್ದಿ ಮತ್ತೆ ಬಂದಿದೆ. ಅದೂ ಭರತ-ಇಳಿತದ ಹಾಗೆಯೇ, ಬರುತ್ತದೆ, ಹೋಗುತ್ತದೆ.

2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ ಬರೆದ ಮಹನೀಯರಿಗೆ ಮೊದಲು ಕೈಮುಗಿಯೋಣ. ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಜಲಕೃಷಿ ಕೂಡದು ಎಂದರು. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ವ್ಯಾಪ್ತಿಯ ಹೊಳೆ, ಹಿನ್ನೀರಿನಲ್ಲೂ ಕೂಡದು ಎಂದರು. ಸಿಗಡಿ ಕೆರೆಗೆ ಹೊಲಿದ ಅಂಗಿ ಅದು. ಅದನ್ನೇ ಪಚ್ಚಿಲೆಗೂ ತೊಡಿಸಿದರೆ ಪಾಪ, ಅದು ದಡ ಹತ್ತಿ, ರಸ್ತೆ ದಾಟಿ, ತೆಂಗಿನ ತೋಟದಲ್ಲಿ ಬೆಳೆಯಬೇಕು. 2023ರ ತಿದ್ದುಪಡಿಯಲ್ಲಿ ಚಿಪ್ಪುಜೀವಿ ಕೃಷಿಯ ಹೆಸರು ಕಾಯ್ದೆಯೊಳಗೆ ಬಂತು. ಹದಿನೆಂಟು ವರ್ಷ! ಮತದಾನದ ವಯಸ್ಸಾಗಲಿ ಅಂತ ಕಾದಿರಬೇಕು.

ಇನ್ನು ಜಾಗದ ಪ್ರಶ್ನೆ. ನೀರಿಗೆ ಪಹಣಿ ಇಲ್ಲ, ಸರ್ವೆ ನಂಬರಿಲ್ಲ. ಚಕ್ಕುಬಂದಿ ಬರೆಯಿರಿ ಎಂದರೆ ಏನು ಬರೆಯುವುದು? ಪೂರ್ವಕ್ಕೆ ಹೊಳೆ, ಪಶ್ಚಿಮಕ್ಕೆ ಅದೇ ಹೊಳೆ, ಉತ್ತರಕ್ಕೂ ಹೊಳೆ, ದಕ್ಷಿಣಕ್ಕೆ ಸ್ಥಳ ಪರಿಶೀಲನೆಗೆ ಬಂದ ಸಾಹೇಬರ ದೋಣಿ.

ಕೆಲಸವಾದರೂ ಎಷ್ಟು? ಹೊಳೆಯಲ್ಲಿ ಕಂಬ ನೆಟ್ಟು ಅಡ್ಡ ಬಿದಿರು ಕಟ್ಟಬೇಕು. 12ರಿಂದ 14 ಮಿಲಿಮೀಟರ್ ದಪ್ಪದ ನೈಲಾನ್ ಹಗ್ಗಕ್ಕೆ ಮೀಟರಿಗೆ ಅರ್ಧದಿಂದ ಮುಕ್ಕಾಲು ಕಿಲೋ ಮರಿ ಸುತ್ತ ಹಚ್ಚಿ, ಹತ್ತಿಯ ಸೊಳ್ಳೆಪರದೆ ಬಟ್ಟೆ ಸುತ್ತಿ ಹೊಲಿಯಬೇಕು. ಆಸೆಬಿದ್ದು ಮರಿ ಹೆಚ್ಚು ತುಂಬಿದರೆ ಬೆಳೆದಾಗ ಗೊಂಚಲೇ ಜಾರಿ ಬೀಳುತ್ತದೆ. ಹಗ್ಗದ ತುದಿ ಕೆಸರಿಗೆ ತಾಗಿದರೆ ಏಡಿಗೆ ಔತಣ. ಬಟ್ಟೆ ಎರಡು ಮೂರು ದಿನದಲ್ಲಿ ಕೊಳೆತು ಹೋಗುತ್ತದೆ. ಅಷ್ಟರಲ್ಲಿ ಮರಿ ತನ್ನ ನೂಲು ಬಿಟ್ಟು ಹಗ್ಗ ಹಿಡಿದಿರುತ್ತದೆ. ಕೊಟ್ಟ ಕೆಲಸ ಮುಗಿಸಿ ತಾನಾಗಿ ಕರಗಿಹೋಗುವ ಈ ಬಟ್ಟೆಯನ್ನು ಕಡತದ ರಟ್ಟಿಗೂ ಬಳಸಬಹುದೇನೋ, ಯಾರಾದರೂ ಯೋಚಿಸಲಿ.

ನವೆಂಬರ್-ಡಿಸೆಂಬರ್‌ನಲ್ಲಿ ಮರಿ ಕಟ್ಟಿದರೆ ಮೇ ಮುಗಿಯುವ ಮೊದಲು ಎತ್ತಬೇಕು. ಮೃಗಶಿರ ಮಳೆ ಹೊಡೆದರೆ ಹೊಳೆ ಸಿಹಿಯಾಗಿ ಪಚ್ಚಿಲೆ ಬಾಯ್ದೆರೆದು ಸಾಯುತ್ತದೆ. ಕಡತಕ್ಕೆ ಮಳೆಗಾಲವಿಲ್ಲ. ಜನವರಿಯಲ್ಲಿ ‘ಪರಿಶೀಲನೆಯಲ್ಲಿದೆ’, ಏಪ್ರಿಲಿನಲ್ಲಿ ‘ಅಭಿಪ್ರಾಯ ಕೋರಿದೆ’. ಜೂನಿನಲ್ಲಿ ಅನುಮತಿ ಬಂದರೆ ಅದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಬಹುದು.

ಪಚ್ಚಿಲೆಗೆ ಮೇವು ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ನೀರನ್ನು ಸೋಸಿಯೇ ಅದರ ಊಟ. ನೀರಿನಲ್ಲಿ ಹೇಲಿದ್ದರೆ ಅದರ ಹೊಟ್ಟೆಯಲ್ಲೂ ಅದೇ. ಊರ ಮೋರಿ ಸೀದಾ ಹೊಳೆಗೆ ಬಿದ್ದರೆ ಯಾರೂ ನಕ್ಷೆ ಕೇಳುವುದಿಲ್ಲ, ನಾಲ್ಕು ಪ್ರತಿ ಕೇಳುವುದಿಲ್ಲ. ನಾಲ್ಕು ಬಿದಿರು ನೆಟ್ಟ ಹೆಂಗಸರನ್ನು ಮಾತ್ರ ಕಚೇರಿಯಿಂದ ಕಚೇರಿಗೆ ಓಡಿಸುತ್ತಾರೆ, ನೀರು ಶುದ್ಧವಿದೆಯೆಂದು ಕಾಗದ ತನ್ನಿ ಅಂತ. ಹೊಲಸು ಮಾಡಿದವನನ್ನು ಕೇಳಿ ಸ್ವಾಮಿ. ನಗುವುದಕ್ಕೂ ಬೇಸರ.

ಕೊಯ್ದ ಪಚ್ಚಿಲೆಯನ್ನು ಮಾರುವ ಮೊದಲು 24 ತಾಸು ಶುದ್ಧ ಉಪ್ಪುನೀರಿನಲ್ಲಿಟ್ಟರೆ ಹೊಟ್ಟೆಯ ಮರಳು, ಕೊಳಕು ಬಹುಪಾಲು ಕಳೆಯುತ್ತದೆ. ಅದಕ್ಕೊಂದು ತೊಟ್ಟಿ ಬೇಕು. ತೊಟ್ಟಿ ದಡದಲ್ಲಿರಬೇಕು. ದಡದಲ್ಲಿ ಕಟ್ಟುವುದೆಂದರೆ ಮತ್ತೆ ಸಿಆರ್‌ಝಡ್. ಈ ಸಲ ಸರ್ವೆ ನಂಬರ್ ಸಿಗುತ್ತದೆ, ಅಷ್ಟು ಲಾಭ.