ಬೆಂದ ಕೊಕ್ಕರೆ

ಮಿಕ್ಸಿಯಲ್ಲಿ ಚಟ್ನಿ ಅರ್ಧ ಆಗಿರುವಾಗಲೇ ಕರೆಂಟು ಹೋಗುವುದು ಮಂಡ್ಯದಲ್ಲಿ ಹೊಸದಲ್ಲ. ಅದೇ ಹೊತ್ತಿಗೆ ಭಾವ ಫೋನು ಹಿಡಿದುಕೊಂಡು ಬಂದು, "ಇನ್ಮೇಲೆ ಕರೆಂಟು ಆಕಾಶದಿಂದಲೇ ಇಳಿಯುತ್ತಂತೆ ಕಣೋ" ಅಂದರೆ ಸಿಟ್ಟು ಬರಲ್ವಾ? 36,000 ಕಿಲೋಮೀಟರ್ ಮೇಲೆ ಸೋಲಾರ್ ಪ್ಯಾನೆಲ್, ಅಲ್ಲಿ ಹುಟ್ಟಿದ ಕರೆಂಟು ಮೈಕ್ರೋವೇವ್ ಕಿರಣವಾಗಿ ಕೆಳಕ್ಕೆ. ಅಕ್ಕನ ಚಿಂತೆಯೇ ಬೇರೆ. "ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಹಾರ್ತಾ ಹಾರ್ತಾನೇ ಬೆಂದು ಬಿದ್ರೆ?"

ಅಕ್ಕನಿಗೂ ಮೈಕ್ರೋವೇವಿಗೂ ಹಳೇ ಜಗಳ. ಮಗ ಬೆಂಗಳೂರಿನಿಂದ ಒಂದು ಓವನ್ ತಂದುಕೊಟ್ಟಿದ್ದ. ಅಕ್ಕ ಅದರ ಗುಂಡಿ ಒತ್ತಿದವಳೇ ಓಡಿ ಬಂದು ನಡುಮನೆಯ ಬಾಗಿಲ ಹಿಂದೆ ನಿಂತು, ಅದು ಟಿಂಗ್ ಅನ್ನುವವರೆಗೂ ನಮ್ಮನ್ನೂ ಒಳಗೆ ಬಿಡುತ್ತಿರಲಿಲ್ಲ. ಒಮ್ಮೆ ಭಾವ ಸ್ಟೀಲ್ ಲೋಟದಲ್ಲೇ ಕಾಫಿ ಇಟ್ಟರು. ಪಟಪಟ ಕಿಡಿ. ಆವತ್ತೇ ಅದರ ಪ್ಲಗ್ ಕಿತ್ತಿದ್ದು. ಈಗ ಅದರೊಳಗೆ ರಾಗಿ ಹಿಟ್ಟು, ಹಪ್ಪಳ, ಗ್ಯಾಸ್ ಪುಸ್ತಕ ಇವೆ, ಇಲಿ ಹೋಗಲ್ಲ ಅಂತ ಅಕ್ಕನಿಗೆ ಭಾರಿ ಸಮಾಧಾನ. ಆಯುಧಪೂಜೆಗೆ ಮಾತ್ರ ತಪ್ಪದೆ ಕುಂಕುಮ ಹಚ್ಚಿ, ಬಾಗಿಲಿಗೆ ಸೇವಂತಿಗೆ ಸಿಕ್ಕಿಸುತ್ತಾಳೆ. ಮಗ ಬಂದಾಗ ಮೇಲೊಂದು ಟವೆಲ್ ಹೊದಿಸುತ್ತಾಳೆ.

ಕೊಕ್ಕರೆ ಬೇಯಲ್ಲ ಕಣಕ್ಕ. 1970ರ ದಶಕದ ಕೊನೆಯಲ್ಲಿ ನಾಸಾ ಮತ್ತು ಅಮೆರಿಕದ ಇಂಧನ ಇಲಾಖೆ ಹಾಕಿದ ಲೆಕ್ಕದಲ್ಲಿ, ಕಿರಣದ ನಟ್ಟನಡುವೆಯೂ ಚದರ ಮೀಟರಿಗೆ 230 ವ್ಯಾಟ್. ನಡುಮಧ್ಯಾಹ್ನದ ಬಿಸಿಲೇ 1,000ದ ಆಸುಪಾಸು. ಆದರೆ ಮೈಕ್ರೋವೇವ್ ಮೈ ಒಳಗೂ ಇಳಿದು ಬಿಸಿ ಮಾಡುತ್ತದೆ, ಬೇಸಿಗೆಯಲ್ಲಿ ರೆಕ್ಕೆ ಬಡಿಯುವ ಹಕ್ಕಿಗೆ ಅಷ್ಟೂ ಜಾಸ್ತಿಯೇ. ಜೇನುಹುಳುಗಳನ್ನೂ ಇಂಥ ಅಲೆಗಳಿಗೆ ಒಡ್ಡಿ ಪರೀಕ್ಷೆ ಮಾಡಿದ್ದರು.

ನನಗೆ ಉರಿಯುವುದು ಬೇರೆ ಕಡೆ. ಅದೇ ಲೆಕ್ಕದಲ್ಲಿ, 5,000 ಮೆಗಾವ್ಯಾಟ್ ಹಿಡಿಯಲು ನೆಲದ ಮೇಲೆ 10 ಕಿಲೋಮೀಟರ್ ಅಗಲ, 13 ಕಿಲೋಮೀಟರ್ ಉದ್ದದ ಆಂಟೆನಾ ಬೇಕು. ಮೊಟ್ಟೆಯಾಕಾರ ಅಂದರೂ 25,000 ಎಕರೆ. ಹಕ್ಕಿಗೆ ಏನಾಗುತ್ತೆ ಅಂತ ಎಲ್ಲರೂ ಕೇಳುತ್ತಾರೆ, ಗದ್ದೆ ಯಾರದ್ದು ಅಂತ ಒಬ್ಬರೂ ಕೇಳಲ್ಲ. "ಅದು ಬಲೆ ಥರ ಇರುತ್ತೆ, ಬಿಸಿಲು ಮಳೆ ಎಲ್ಲ ಇಳಿಯುತ್ತೆ, ಕೆಳಗೆ ಕಬ್ಬು ಹಾಕಬಹುದು" ಅನ್ನುತ್ತಾರೆ ಭಾವ. ಹೈಟೆನ್ಷನ್ ಲೈನ್ ಎಳೆಯುವಾಗಲೂ ಕೆಳಗೆ ಏನು ಬೇಕಾದರೂ ಬೆಳೆಯಿರಿ ಅಂದಿದ್ದರು. ಆಮೇಲೆ ನಮ್ಮ ತೆಂಗಿನ ಮರಗಳನ್ನು ಕಡಿಸಿದರು, ಫಲ ಬಿಡುತ್ತಿದ್ದವು.

ನಮ್ಮ ಜಿಲ್ಲೆಗೆ ಇದೇನು ಹೊಸದೇ? 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ನೆಟ್ಟಗೆ ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಆಕಾಶದ ಆ ಪ್ಯಾನೆಲ್ ಇರುವ ಎತ್ತರದಲ್ಲಿ ಹೆಚ್ಚುಕಮ್ಮಿ ವರ್ಷಪೂರ್ತಿ ರಾತ್ರಿಯೇ ಇಲ್ಲವಂತೆ, 24 ಗಂಟೆಯೂ ಬಿಸಿಲಂತೆ. ಸರಿ ಬಿಡಿ, ಪಂಪ್‌ಸೆಟ್ಟಿಗೆ ತ್ರೀ ಫೇಸ್ ರಾತ್ರಿ ಎರಡು ಗಂಟೆಗೇ ಕೊಡುವವರಿಗೆ ಇನ್ನೂ ಅನುಕೂಲ.