ಸೆಟ್ ಆಗ್ಲಿಲ್ಲ

ಕೆಲಸ ಯಾಕೆ ಬಿಟ್ಟೆ ಅಂತ ಯಾರನ್ನಾದರೂ ಕೇಳಿ ನೋಡಿ. "ಯಾಕೋ ಸೆಟ್ ಆಗ್ಲಿಲ್ಲ" ಅಂತಾರೆ. ಅಲ್ಲಿಗೆ ಮಾತು ಮುಗೀತು. ಸಂಬಳ ಸಾಲಲಿಲ್ಲವೋ, ಮೇಲಿನವರ ಜೊತೆ ಜಟಾಪಟಿಯೋ, ಬೆಳಿಗ್ಗೆ ಬೇಗ ಏಳೋದೇ ಕಷ್ಟವಾಯಿತೋ, ಮುಂದಕ್ಕೆ ಯಾರೂ ಕೆದಕುವುದಿಲ್ಲ. ಷರ್ಟು ಬಿಗಿಯಾದರೂ ಇದೇ ಮಾತು. ಮದುವೆ ಮಾತುಕತೆ ಮುರಿದು ಬಿದ್ದರೂ ಇದೇ ಮಾತು.

ಇದರ ಮಜಾ ಇರೋದು 'ಆಗು' ಅನ್ನೋದರಲ್ಲಿ. ಅಲಾರಂ ಸೆಟ್ ಮಾಡೋಕೆ ಒಬ್ಬರು ಬೇಕು. ಸೆಟ್ ಆಗೋಕೆ ಯಾರೂ ಬೇಡ, ಮಳೆ ಬಂದ ಹಾಗೆ ಅದೇ ಆಗುತ್ತೆ, ಇಲ್ಲವಾದರೆ ಇಲ್ಲ. "ನಂಗೂ ಅವನಿಗೂ ಸೆಟ್ ಆಗಲ್ಲ" ಅಂದಾಗ ತಪ್ಪು ನನ್ನದೂ ಅಲ್ಲ, ಅವನದೂ ಅಲ್ಲ. ಇಷ್ಟು ಸಲೀಸಾಗಿ ನುಣುಚಿಕೊಳ್ಳೋಕೆ ಇನ್ನೊಂದು ಪದ ಸಿಗೋದು ಕಷ್ಟ. "ನಿನ್ನನ್ನ ಸೆಟ್‌ರೈಟ್ ಮಾಡ್ತೀನಿ" ಅಂದರೆ ಮಾತ್ರ ಹುಷಾರು. ಅಲ್ಲಿ ಮಾಡೋರು ಎದುರಿಗೇ ನಿಂತಿರುತ್ತಾರೆ.

ಇಂಗ್ಲಿಷಿನಲ್ಲಿ ಈ ಪುಟ್ಟ ಪದ ಮಾಡೋ ಚಾಕರಿ ಇನ್ನೂ ಜಾಸ್ತಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ, ಬರೀ ಕ್ರಿಯಾಪದವಾಗಿಯೇ ಇದಕ್ಕೆ 430 ಅರ್ಥ. ವಿವರಣೆಯೇ ಸುಮಾರು 60,000 ಪದ. ಆಮೇಲೆ ನಿಘಂಟನ್ನು ಪರಿಷ್ಕರಿಸುವಾಗ 'ರನ್' 645 ಅರ್ಥ ಹೊತ್ತುಕೊಂಡು ಇದನ್ನು ಹಿಂದೆ ಹಾಕಿತು. ಓಡೋದೇ ಅದರ ಕಸುಬು, ಬಿಡಿ.

ಇಷ್ಟಾದರೂ ಬೇರು ಸರಳ. 'ಸಿಟ್' ಅಂದರೆ ಕೂರು, 'ಸೆಟ್' ಅಂದರೆ ಕೂರಿಸು. ಉಂಗುರಕ್ಕೆ ಹರಳು ಕೂರಿಸ್ತೀವಲ್ಲ, ಅದೇ. ಜೋಡಿ ಅಥವಾ ಗುಂಪು ಅನ್ನೋ ಅರ್ಥದ ಸೆಟ್ ಮಾತ್ರ ಬೇರೆ ಮನೆತನದ್ದು. ಅದು ಲ್ಯಾಟಿನ್ನಿನಿಂದ ಫ್ರೆಂಚ್ ದಾರಿಯಾಗಿ ಬಂದು ಇದರೊಳಗೆ ಸೇರಿಕೊಂಡಿದೆ. ಹಿಂಬಾಲಕರ ಪಂಥಕ್ಕೆ ಹೇಳೋ 'ಸೆಕ್ಟ್' ಅದರ ದಾಯಾದಿ.

ಟೆನಿಸ್‌ನಲ್ಲಿ ಸೆಟ್ ಅಂದರೆ ಆಟದ ಒಂದು ಕಂತು. 2010ರ ವಿಂಬಲ್ಡನ್‌ನಲ್ಲಿ ಇಸ್ನರ್ ಮತ್ತು ಮಾಹು ಆಡಿದ ಕೊನೆಯ ಸೆಟ್ 70-68ಕ್ಕೆ ಹೋಗಿ ನಿಂತಿತು. ಅದೊಂದೇ ಎಂಟು ಗಂಟೆ ದಾಟಿತ್ತು. ಪಂದ್ಯ ಮುಗಿಯೋಕೆ ಮೂರು ದಿನ ಬೇಕಾಯಿತು.

ನನಗೆ ಇಷ್ಟವಾದದ್ದು ಸಿಮೆಂಟಿನ ಸೆಟ್. ನೀರು ಬಿದ್ದ ಕೂಡಲೇ ಸಿಮೆಂಟ್ ಬಿಗಿದುಕೊಳ್ಳೋಕೆ ಹೊರಡುತ್ತೆ. ಕಲಸಿ, ಹೊತ್ತು, ಸುರಿಯೋಕೆ ಪುರುಸೊತ್ತು ಬೇಕಲ್ಲ, ಅದಕ್ಕೇ ಅರೆಯುವಾಗ ಸ್ವಲ್ಪ ಜಿಪ್ಸಂ ಸೇರಿಸಿರುತ್ತಾರೆ. ಸೆಟ್ ಆಯ್ತು ಅಂದ ಮಾತ್ರಕ್ಕೆ ಗಟ್ಟಿ ಆಯ್ತು ಅಂತಲ್ಲ. ಮೇಲೆ ಬೆರಳೊತ್ತಿದರೆ ಗುರುತು ಬೀಳದಿರಬಹುದು, ಒಳಗೆ ಬಲ ಬರೋದು ದಿನಗಟ್ಟಲೆ ನಡೀತಾನೇ ಇರುತ್ತೆ. ಕಾಂಕ್ರೀಟಿನ ಬಲ ಅಳೆಯೋದು ಸಾಮಾನ್ಯವಾಗಿ 28 ದಿನಕ್ಕೆ. ಅಲ್ಲಿಯವರೆಗೆ ಎಂಜಿನಿಯರ್ ಬಾಯಿ ಬಿಡೋದಿಲ್ಲ. ನಮ್ಮ ಜನ ಹಾಗಲ್ಲ. ಆರ್ಡರ್ ಕೈಗೆ ಬಂದ ಸಂಜೆಯೇ "ಇನ್ನೇನಪ್ಪಾ, ಲೈಫ್ ಸೆಟ್ಟು" ಅಂತ ಬೆನ್ನು ತಟ್ಟುತ್ತಾರೆ. ಹುಡುಗ ಇನ್ನೂ ಕೆಲಸಕ್ಕೇ ಸೇರಿರುವುದಿಲ್ಲ.